ಸೂಟಿಯ ದಿನ, ರೊಟ್ಟಿ ಕಟ್ಟಿಕೊಂಡು



ಶನಿವಾರ ಸಂಜೆ ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಒಂದು ತಾಸು ಕುಳಿತರೆ ನಮ್ಮ ಭಾಗದ ಸೂಟಿಯ ಕಥೆಯೆಲ್ಲ ಕಣ್ಣಮುಂದೆ ಹಾದುಹೋಗುತ್ತದೆ. ಬೆನ್ನಿಗೆ ಬ್ಯಾಗು ಹಾಕಿಕೊಂಡ ಹುಡುಗರು ಹೈದರಾಬಾದಿನ ಗಾಡಿಗೆ ಕಾಯುತ್ತಿರುತ್ತಾರೆ. ನಾಳೆ ಅಲ್ಲಿಯ ಮಾಲ್ ಸುತ್ತಿ, ಸಿನೆಮಾ ನೋಡಿ, ರಾತ್ರಿ ಗಾಡಿಗೆ ತಿರುಗಿ ಬರುವವರು ಅವರು. ಕಲಬುರಗಿಯಿಂದ ಬಂದಿಳಿದ ನೌಕರರು ತರಕಾರಿ ಚೀಲ ಹಿಡಿದು ಮನೆಯ ದಾರಿ ಹಿಡಿಯುತ್ತಾರೆ. ಇವರೆಲ್ಲರ ನಡುವೆ, ಊಟದ ಡಬ್ಬಿ ಕೈಯಲ್ಲಿ ಹಿಡಿದವರೊಬ್ಬರು ಎದುರು ದಿಕ್ಕಿಗೆ, ಸಿಮೆಂಟ್ ಕಾರ್ಖಾನೆಯ ಕಡೆಗೆ ನಡೆದಿರುತ್ತಾರೆ. ಅಂಥವರೊಬ್ಬರನ್ನು ನಾನು ಒಮ್ಮೆ ಕೇಳಿದೆ: “ನಾಳಿ ರವಿವಾರ, ಎಲ್ಲಿಗಿ ಹೊಂಟೀರಿ?” ಅವರು ನಕ್ಕು ಹೇಳಿದರು: “ನಮಗೆಲ್ಲಿ ರವಿವಾರ ಸರ್, ಈ ವಾರ ನಂದು ಬುಧವಾರ.”

ಅವರು ಹೇಳಿದ್ದು ನಿಜ. ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ರವಿವಾರ ಎಂಬುದಿಲ್ಲ. ಅದರೊಳಗೆ ಸುಣ್ಣದ ಕಲ್ಲು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯುತ್ತಿರುತ್ತದೆ. ಅಂಥ ಒಲೆಯನ್ನು ವಾರಕ್ಕೊಮ್ಮೆ ಆರಿಸಿ ಮತ್ತೆ ಹೊತ್ತಿಸುವುದು ಆಗದ ಮಾತು. ಆದ್ದರಿಂದಲೇ 1948ರ ಕಾರ್ಖಾನೆ ಕಾಯ್ದೆ, ರವಿವಾರ ದುಡಿದವರಿಗೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳಲ್ಲಿ ಒಂದು ದಿನ ಬಿಡುವು ಕೊಡಬೇಕೆಂದು ಹೇಳಿತು. ವಾಡಿ, ಸೇಡಂ, ಮಳಖೇಡದ ಕಾರ್ಮಿಕ ಕಾಲೊನಿಗಳಲ್ಲಿ ಒಂದು ಮನೆಯ ಸೂಟಿ ಸೋಮವಾರ ಬಂದರೆ ಪಕ್ಕದ ಮನೆಯದು ಗುರುವಾರ ಬರುತ್ತದೆ. ಹಳ್ಳಿಯ ಲೆಕ್ಕ ಬೇರೆ. ಅಲ್ಲಿ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನಮ್ಮ ಮುತ್ಯಾಗಳ ಕಾಲಕ್ಕೆ, ಈ ಊರುಗಳೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, ಕಚೇರಿಗಳ ಬಾಗಿಲು ಮುಚ್ಚುತ್ತಿದ್ದುದು ಶುಕ್ರವಾರ. ರವಿವಾರದ ಸೂಟಿ ನಮಗೆ ಬಂದದ್ದು ಆಮೇಲೆ.

ಆ ರವಿವಾರವನ್ನೂ ಯಾರೂ ತಾವಾಗಿ ಕರೆದು ಕೊಟ್ಟಿದ್ದಲ್ಲ. ಮುಂಬೈಯ ಗಿರಣಿ ಕಾರ್ಮಿಕರ ಪರವಾಗಿ ನಾರಾಯಣ ಮೇಘಾಜಿ ಲೋಖಂಡೆ ಅವರು 1884ರಲ್ಲಿ ವಾರಕ್ಕೊಂದು ದಿನದ ಬಿಡುವು ಕೇಳಿದರು. ಅದು ಸಿಕ್ಕಿದ್ದು 1890ರ ಜೂನ್‌ನಲ್ಲಿ. ರವಿವಾರ ಖಂಡೋಬನ ವಾರ, ಅಂದು ದೇವರ ಸೇವೆಗೆ ಬಿಡುವು ಬೇಕು ಎಂಬುದೂ ಅವರ ವಾದಗಳಲ್ಲಿ ಒಂದಾಗಿತ್ತು. ದುಡಿಯುವ ಜನ ವರ್ಷಗಟ್ಟಲೆ ಬೇಡಿ ಪಡೆದ ದಿನ ಅದು. ಅದನ್ನು ಹೇಗೆ ಕಳೆಯುತ್ತೇವೆ ಎಂಬುದು ಸಣ್ಣ ಮಾತೆಂದು ನನಗೆ ಅನ್ನಿಸುವುದಿಲ್ಲ. ಇವತ್ತಿನ ಮಾತು ಅದರ ಬಗ್ಗೆಯೇ.

ಹೈದರಾಬಾದಿಗೆ ಹೋಗುವವರನ್ನು ನಾನು ಬೈಯುವುದಿಲ್ಲ. ಮನೆಯಲ್ಲೇ ಮಲಗಿ ನಿದ್ದೆ ತೀರಿಸಿಕೊಳ್ಳುವವರನ್ನಂತೂ ಬೈಯಲಾರೆ. ವಾರವಿಡೀ ರಾತ್ರಿ ಪಾಳಿ ಮಾಡಿದ ದೇಹಕ್ಕೆ ನಿದ್ದೆಗಿಂತ ದೊಡ್ಡ ಸೂಟಿ ಇಲ್ಲ. ಆದರೆ ನಿದ್ದೆ ಮುಗಿದ ಮೇಲೆ ಉಳಿಯುವ ಅರ್ಧ ದಿನ ಇದೆಯಲ್ಲ, ಅದು ಬೆರಳ ತುದಿಯಲ್ಲಿ ಮೊಬೈಲ್ ಉಜ್ಜುತ್ತ ಕರಗಿಹೋಗುತ್ತದೆ. ಸಂಜೆಗೆ ಕೇಳಿದರೆ ಏನು ನೋಡಿದೆ ಎಂದು ನೆನಪಿರುವುದಿಲ್ಲ. ನನಗೆ ನೋವಾಗುವುದು ಅದಕ್ಕೆ.

ಕುಟುಂಬ ಸಮೇತ ಹೊರಗೆ ಹೋಗಿ ಉಂಡು ಬರುವುದು ನಮಗೆ ಪಟ್ಟಣ ಕಲಿಸಿದ ಪಾಠವಲ್ಲ. ಎಳ್ಳಮಾಸಿಯನ್ನು ನೆನೆಸಿಕೊಳ್ಳಿ. ಮಾರ್ಗಶಿರ ಮಾಸದ ಆ ಅಮಾವಾಸ್ಯೆಯ ದಿನ ನಮ್ಮ ಭಾಗದಲ್ಲಿ ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ. ಮೊದಲು ಬಂಡಿ ಕಟ್ಟುತ್ತಿದ್ದರು, ಈಗ ಟ್ರ್ಯಾಕ್ಟರ್, ಆಟೊ, ಬೈಕು. ಸಜ್ಜೆ ಕಡಬು, ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ. ಎಲ್ಲಕ್ಕಿಂತ ಮೇಲೆ ಭಜ್ಜಿ. ಹೊಲದಲ್ಲಿ ಸಿಗುವ ಹಸಿ ಕಾಳು, ಸೊಪ್ಪು, ಬದನೆ, ಗಜ್ಜರಿ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದ ಆ ಪಲ್ಯದ ರುಚಿ ಬೇರೆ ದಿನ ಮನೆಯಲ್ಲಿ ಮಾಡಿದರೆ ಬರುವುದಿಲ್ಲ. ಭೂಮಿಗೆ ಚರಗ ಚೆಲ್ಲಿ, ಬನ್ನಿ ಗಿಡದ ನೆರಳಿಗೋ ಬೇವಿನ ನೆರಳಿಗೋ ಕುಳಿತು ಉಣ್ಣುವಾಗ ಹೊಲ ಇಲ್ಲದವರನ್ನೂ ಹೊಲ ಇದ್ದವರು ಕರೆಯುತ್ತಾರೆ. ಕಾಲೊನಿಯಲ್ಲಿದ್ದ ನಮ್ಮ ಮನೆಗೂ ಪ್ರತಿ ವರ್ಷ ಒಬ್ಬರಲ್ಲ ಒಬ್ಬರ ಕರೆ ಬರುತ್ತಿತ್ತು. ಎಳ್ಳಮಾಸಿ ಮುಗಿದು ಜೋಳದ ತೆನೆಗೆ ಹಾಲು ತುಂಬಿದಾಗ ಸೀತನಿ ತಿನ್ನಲು ಇನ್ನೊಂದು ಕರೆ. ಕುಳ್ಳಿನ ಕೆಂಡದಲ್ಲಿ ಸುಟ್ಟ ಎಳೆ ತೆನೆಯನ್ನು ಕೈಯಲ್ಲಿ ತಿಕ್ಕಿ, ಶೇಂಗಾ ಹಿಂಡಿಯ ಜೊತೆ ಬಾಯಿಗೆ ಹಾಕಿಕೊಂಡವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಈ ಹೊಲದ ಊಟ ನಮಗೆ ಬೇಸರ ತರಿಸುವುದಿಲ್ಲ, ಯಾಕೆ? ಹೋಗುವುದು ಅದೇ ಹೊಲ, ಅದೇ ಗಿಡ, ಅದೇ ಅಡುಗೆ. ಆದರೆ ಹೋದ ವರ್ಷ ಇಲ್ಲಿ ತೊಗರಿ ಇತ್ತು, ಈ ವರ್ಷ ಕಡಲೆ. ಹೋದ ವರ್ಷ ಬಾವಿಯಲ್ಲಿ ನೀರು ಮೇಲಿತ್ತು, ಈ ವರ್ಷ ಕೆಳಗೆ. ಪರಿಚಯವಿದ್ದ ಜಾಗದಲ್ಲಿ ಮಾತ್ರ ಬದಲಾವಣೆ ಕಾಣುತ್ತದೆ. ಈ ಮಾತು ನನಗೆ ಬಹಳ ತಡವಾಗಿ ಹೊಳೆಯಿತು. ಅಲ್ಲಿಯವರೆಗೆ ನಾನೂ ನಮ್ಮ ಶಾಲೆಯ ಮಕ್ಕಳನ್ನು ಒಂದೇ ದಿನದಲ್ಲಿ ಆರು ಜಾಗ ತೋರಿಸಿ, ಆರು ಕಡೆ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದು, ಪ್ರವಾಸ ಮುಗಿಯಿತೆಂದು ಕರೆತರುತ್ತಿದ್ದ ಮಾಸ್ತರನೇ. ಈಗ ಹೇಳುತ್ತೇನೆ: ಸೂಟಿಯಲ್ಲಿ ದೂರ ಹೋಗಬೇಕಾಗಿಲ್ಲ, ಹತ್ತಿರದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ. ನಾಲ್ಕನೆಯ ಸಲ ಹೋಗುವ ಹೊತ್ತಿಗೆ ಆ ತಿರುಗಾಟವೇ ಹವ್ಯಾಸವಾಗಿರುತ್ತದೆ.

ನನಗೆ ಹಾಗಾದದ್ದು ನಾಗಾವಿಯಲ್ಲಿ. ಚಿತ್ತಾಪುರದಿಂದ ಕಾಲ್ನಡಿಗೆಯ ದೂರ. ನಮ್ಮ ಜನರಿಗೆ ಅದು ಯಲ್ಲಮ್ಮನ ಕ್ಷೇತ್ರ. ಹರಕೆ ತೀರಿಸಲು ಬಂದವರು ದೇವಿಗೆ ಕಾಯಿ ಒಡೆಸಿ ಹಾಗೇ ತಿರುಗುತ್ತಾರೆ. ಅಲ್ಲಿಂದ ನಾಲ್ಕು ಹೆಜ್ಜೆ ಆಚೆ ಹಳೆಯ ಗುಡಿಗಳಿವೆ, ಅರವತ್ತು ಕಂಬದ ಗುಡಿ ಇದೆ, ಶಾಸನಗಳಿವೆ. ಮೊದಲ ಸಲ ಹೋದಾಗ ನಾನು ಕಂಬ ಎಣಿಸಿ ಬಂದೆ. ಎರಡನೆಯ ಸಲ ಒಬ್ಬನೇ ಹೋದೆ. ಮಧ್ಯಾಹ್ನ ಬಿಸಿಲಿನಲ್ಲಿ ಶಾಸನದ ಕಲ್ಲು ಬರೀ ಕಲ್ಲಾಗಿತ್ತು, ಒಂದು ಅಕ್ಷರವೂ ಕಾಣಲಿಲ್ಲ. ಮೂರನೆಯ ಸಲ ಬೆಳಗಿನ ಬಸ್ಸಿಗೆ ಹೋಗಿದ್ದೆ. ಸೂರ್ಯ ಇನ್ನೂ ಕೆಳಗಿದ್ದ. ಬೆಳಕು ಕಲ್ಲಿನ ಮೇಲೆ ಓರೆಯಾಗಿ ಬಿದ್ದಿತ್ತು. ಅಕ್ಷರದ ಒಂದೊಂದು ಗೆರೆಯಲ್ಲೂ ನೆರಳು ತುಂಬಿ, ಇಡೀ ಕಲ್ಲು ಒಮ್ಮೆಲೇ ಬರಹವಾಗಿ ಎದ್ದು ನಿಂತಿತು. ನಾನು ಚಪ್ಪಲಿ ಬಿಟ್ಟು ಅಲ್ಲೇ ಕುಳಿತೆ.

ಆಮೇಲೆ ಹಳೆಯ ಲಿಪಿಯ ಪುಸ್ತಕ ತಂದುಕೊಂಡೆ. ‘ಸ್ವಸ್ತಿ’ ಎಂಬ ಒಂದು ಪದವನ್ನು ನಾನಾಗಿಯೇ ಓದಲು ಎರಡು ಸೂಟಿ ಬೇಕಾದವು. ಕನ್ನಡ ಕಲಿಸಿ ಸಂಬಳ ತೆಗೆದುಕೊಂಡವನು ನಾನು. ಆದರೂ ಆ ದಿನದ ಸಂತೋಷ, ಒಂದನೆಯ ತರಗತಿಯ ಮಗು ಅಂಗಡಿಯ ಬೋರ್ಡು ಓದಿದಾಗಿನ ಸಂತೋಷವೇ. ಅಲ್ಲಿಯ 1058ರ ಶಾಸನ ಏನು ಹೇಳುತ್ತದೆಂದು ವಿದ್ವಾಂಸರು ಬಹಳ ಹಿಂದೆಯೇ ತಿಳಿಸಿದ್ದಾರೆ. ಕಲ್ಯಾಣದ ಚಾಲುಕ್ಯ ಅರಸ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ ಇಲ್ಲಿ ಘಟಿಕಾಸ್ಥಾನ ಇತ್ತು, ಎಂದರೆ ದೊಡ್ಡ ವಿದ್ಯಾಪೀಠ. ವೇದ ಓದುವ 200 ಮಂದಿ ವಿದ್ಯಾರ್ಥಿಗಳಿದ್ದರು, ಶಾಸ್ತ್ರ ಓದುವವರು ಬೇರೆ. ಅವರ ಊಟ ವಸತಿಗೆ, ಗುರುಗಳ ಜೀವನಕ್ಕೆ ದತ್ತಿ ಇತ್ತು. ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಮಂದಿ ಇದ್ದರು. ಅವರನ್ನು ಕರೆದದ್ದು ಸರಸ್ವತೀ ಭಂಡಾರಿಗರು ಎಂದು. ಇವತ್ತಿಗೆ 960 ವರ್ಷಗಳಿಗೂ ಹಿಂದೆ ನಮ್ಮ ಚಿತ್ತಾಪುರದ ಪಕ್ಕದ ಹಳ್ಳಿಯಲ್ಲಿ ಆರು ಜನ ಗ್ರಂಥಪಾಲಕರು! ನಮ್ಮ ಭಾಗವನ್ನು ಹಿಂದುಳಿದದ್ದೆಂದು ಕೇಳಿ ಕೇಳಿ ಬೆಳೆದ ಮಕ್ಕಳನ್ನು ಆ ಕಲ್ಲಿನ ಮುಂದೆ ಒಮ್ಮೆ ನಿಲ್ಲಿಸಬೇಕು. ಭಾಷಣ ಬೇಡ, ಆರು ಜನ ಎಂದು ಹೇಳಿದರೆ ಸಾಕು.

ಒಂದು ವಿನಂತಿ ಇಲ್ಲೇ ಹೇಳಿಬಿಡುತ್ತೇನೆ. ಅಕ್ಷರ ಎದ್ದು ಕಾಣಲೆಂದು ಶಾಸನಕ್ಕೆ ಸೀಮೆಸುಣ್ಣ ತಿಕ್ಕಬೇಡಿ, ಎಣ್ಣೆ, ಅರಿಶಿಣ, ಬಣ್ಣ ಹಚ್ಚಬೇಡಿ. ಕಲ್ಲು ಸವೆಯುತ್ತದೆ. ಬೆಳಕು ಓರೆಯಾಗುವವರೆಗೆ ಕಾಯುವುದೊಂದೇ ಸರಿಯಾದ ದಾರಿ.

ಹವ್ಯಾಸದ ತಿರುಗಾಟ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಭೀಮಾ ದಂಡೆಯಲ್ಲೇ ಸಾಕ್ಷಿ ಇದೆ. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು 1841ರಲ್ಲಿ ಬಂದ ಫಿಲಿಪ್ ಮೆಡೋಸ್ ಟೇಲರ್ ವೃತ್ತಿಯಿಂದ ಸೈನ್ಯದ ಅಧಿಕಾರಿ. ಬಿಡುವಿನಲ್ಲಿ ಅವನು ಕಾದಂಬರಿ ಬರೆದ, ಚಿತ್ರ ಬಿಡಿಸಿದ. ಹೊಲಗಳಲ್ಲಿ ಬಿದ್ದಿದ್ದ ದೊಡ್ಡ ಕಲ್ಲುಗಳ ಹಳೆಯ ಗೋರಿಗಳನ್ನು, ರಾಜನಕೋಳೂರಿನಲ್ಲಿ, ಜೇವರ್ಗಿಯ ಹತ್ತಿರ, ಅಳೆದು ಚಿತ್ರ ಮಾಡಿ ಲೇಖನ ಬರೆದ. ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳ ಅಧ್ಯಯನ ಶುರುವಾದ ಕಾಲದಲ್ಲಿ ಅವನ ಬರಹಗಳಿಗೆ ದೊಡ್ಡ ಬೆಲೆ ಇದೆ. ಅದೇ ಭೀಮಾ ದಂಡೆಯ ಊರಾದ ಸನ್ನತಿಯ ಕಡೆಗೆ ವಿದ್ವಾಂಸರ ಗಮನ ಸೆಳೆದವರು ನಮ್ಮವರೇ ಆದ ಕಪಟರಾಳ ಕೃಷ್ಣರಾಯರು, 1950ರ ದಶಕದಲ್ಲಿ. ಊರಿನವರು ಚಂದ್ರಲಾ ಪರಮೇಶ್ವರಿಗೆ ನಡೆದುಕೊಳ್ಳುತ್ತ ದಿನಾ ದಾಟುತ್ತಿದ್ದ ಕಲ್ಲುಗಳ ಮೇಲೆ ಬೌದ್ಧರ ಕೆತ್ತನೆ ಇದ್ದದ್ದು ಆಗ ಹೊರಗಿನವರಿಗೆ ತಿಳಿಯಿತು. 1986ರಲ್ಲಿ ಅಲ್ಲಿಯ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಪೀಠವನ್ನು ನೋಡಿದರೆ ಅದು ಅಶೋಕನ ಶಾಸನದ ಕಲ್ಲು! 1990ರ ದಶಕದಲ್ಲಿ ಪಕ್ಕದ ಕನಗನಹಳ್ಳಿಯ ಮಣ್ಣಿನಡಿ ಮಹಾಸ್ತೂಪ ಸಿಕ್ಕಿತು. ಅದರ ಒಂದು ಹಲಗೆಯ ಮೇಲೆ ರಾಣಿಯರು, ಚಾಮರ ಬೀಸುವವರ ನಡುವೆ ಅರಸನೊಬ್ಬ ನಿಂತಿದ್ದಾನೆ. ಅದರ ಮೇಲೆ ಬ್ರಾಹ್ಮಿ ಅಕ್ಷರದಲ್ಲಿ ಅಶೋಕ ರಾಜ ಎಂದು ಹೆಸರು ಕೊರೆದಿದೆ. ಶಾತವಾಹನ ಅರಸರೂ ಹೆಸರಿನ ಸಮೇತ ಅಲ್ಲಿದ್ದಾರೆ. ಜಗತ್ತಿನ ಬೇರೆ ಬೇರೆ ಭಾಗಗಳ ವಿದ್ವಾಂಸರು ನೋಡಲು ಬರುವ ಜಾಗ ಅದು. ನಾಲವಾರ ಸ್ಟೇಷನ್ನಿನಲ್ಲಿ ಇಳಿದು ಅತ್ತ ಹೋಗಬಹುದು. ನಮ್ಮ ಶಾಲೆಗಳ ಪ್ರವಾಸದ ಬಸ್ಸುಗಳು ಅದೇ ದಾರಿ ಬಿಟ್ಟು ಮೈಸೂರಿಗೆ ಹೋಗುತ್ತವೆ.

ಗಾಡಿಯ ಮಾತು ಬಂತು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಈ ಐದು ಊರುಗಳಲ್ಲಿ ನಾಲ್ಕಕ್ಕೆ ರೈಲು ಇದೆ. ಶಹಾಬಾದ ಮತ್ತು ವಾಡಿ ಮುಂಬೈ–ಚೆನ್ನೈ ದಾರಿಯ ಮೇಲೆ. ವಾಡಿಯಿಂದ ಒಡೆದು ಸಿಕಂದರಾಬಾದಿಗೆ ಹೋಗುವ ನಿಜಾಮರ ಹಳೆಯ ದಾರಿ 1874ರಲ್ಲಿ ಶುರುವಾಯಿತು. ಅದರ ಮೇಲೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ. ಸೂಟಿಯಲ್ಲಿ ಊರಿಗೆ ಬರುವ ನನ್ನ ಮೊಮ್ಮಗನಿಗೆ ಗಾಡಿಯ ಹುಚ್ಚು. ಒಂದು ನೋಟ್‌ಬುಕ್ ಮಾಡಿಕೊಂಡಿದ್ದಾನೆ. ಎಂಜಿನ್ನಿನ ಮೇಲೆ ಬರೆದ ನಂಬರು, ಅದು ಯಾವ ಊರಿನ ಶೆಡ್ಡಿನದು, ಎಷ್ಟು ಡಬ್ಬಿ, ಗೂಡ್ಸ್ ಆದರೆ ಅದರೊಳಗೆ ಕಲ್ಲಿದ್ದಲೋ ಸಿಮೆಂಟೋ, ಎಲ್ಲ ಬರೆಯುತ್ತಾನೆ. “ಮುತ್ಯಾ, ಈ ಎಂಜಿನ್ ಹೋದ್ ಸಲಾನೂ ಬಂದಿತ್ತು ನೋಡು” ಎಂದು ಹಳೆಯ ಪುಟ ತಿರುವಿ ತೋರಿಸುತ್ತಾನೆ. ಭೂಗೋಳದ ಪುಸ್ತಕ ಕಂಡರೆ ಆಕಳಿಸುವ ಹುಡುಗ ಯಾವ ಶೆಡ್ಡು ಯಾವ ರಾಜ್ಯದಲ್ಲಿದೆ ಎಂದು ನಕಾಶೆಯಲ್ಲಿ ಹುಡುಕುತ್ತಾನೆ. ಇದಕ್ಕೆ ತಗಲುವ ಖರ್ಚು ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ಪ್ಲಾಟ್‌ಫಾರ್ಮ್ ಟಿಕೆಟ್. ಹಳಿಯ ಅಂಚಿಗೆ ಹೋಗಬಾರದು, ಬೆಂಚು ಬಿಟ್ಟು ಏಳಬಾರದು ಎಂಬ ಕರಾರು ಮಾತ್ರ ನಮ್ಮಿಬ್ಬರ ನಡುವೆ ಇದೆ.

ಮಳಖೇಡವನ್ನು ನಾನು ಹೆಚ್ಚು ವರ್ಣಿಸುವುದಿಲ್ಲ. ಅದು ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗನ ರಾಜಧಾನಿ, ಕವಿರಾಜಮಾರ್ಗದ ಊರು ಎಂದು ಎಲ್ಲರಿಗೂ ಗೊತ್ತು. ಅಲ್ಲಿಯ ಮಠಕ್ಕೆ ಬರುವ ಭಕ್ತರಿಗೂ, ನೇಮಿನಾಥ ಬಸದಿಗೆ ಬರುವ ಜೈನ ಯಾತ್ರಿಕರಿಗೂ ದಾರಿ ಗೊತ್ತು. ಸೇಡಂ ತಾಲ್ಲೂಕಿನವರಿಗೆ ನನ್ನದೊಂದೇ ಮಾತು: ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಕೋಟೆಯ ಮೇಲೆ ಕುಳಿತು ಕಾಗಿಣಾ ಹೊಳೆಯನ್ನು ನೋಡಿ. ಅದೇ ಹೊಳೆ ಶಹಾಬಾದದ ಹತ್ತಿರ ಹೊನಗುಂಟಾದಲ್ಲಿ ಭೀಮೆಗೆ ಸೇರುವುದನ್ನು ಇನ್ನೊಂದು ಸೂಟಿಯಲ್ಲಿ ನೋಡಿ. ಒಂದು ಹೊಳೆಯನ್ನು ಹೀಗೆ ತುಂಡು ತುಂಡಾಗಿ ನಡೆದು ಮುಗಿಸುವುದೂ ಒಂದು ಹವ್ಯಾಸ, ವರ್ಷವಿಡೀ ಸಾಕಾಗುತ್ತದೆ. ಶಹಾಬಾದದವರಿಗಂತೂ ಮನೆ ಬಿಟ್ಟು ಹೊರಡುವ ಮೊದಲೇ ಪಾಠ ಇದೆ. ಕಾಲ ಕೆಳಗಿನ ಫರ್ಸಿ ಕಲ್ಲನ್ನೇ ನೋಡಲಿ. 50 ಕೋಟಿ ವರ್ಷಗಳಿಗೂ ಹಿಂದೆ, ನೆಲದ ಮೇಲೆ ಹುಲ್ಲುಕಡ್ಡಿಯೂ ಇರದಿದ್ದಾಗ, ಇಲ್ಲಿ ಆಳವಿಲ್ಲದ ಸಮುದ್ರ ಇತ್ತು. ಅದರ ತಳದಲ್ಲಿ ಪದರ ಪದರವಾಗಿ ಕುಳಿತ ಕೆಸರೇ ಈ ಕಲ್ಲು. ಪದರ ಇರುವುದರಿಂದಲೇ ಅದು ಹಲಗೆ ಹಲಗೆಯಾಗಿ ಏಳುತ್ತದೆ. ಪಕ್ಕದ ಮರತೂರು ಮಿತಾಕ್ಷರ ಬರೆದ ವಿಜ್ಞಾನೇಶ್ವರನ ಊರು ಎನ್ನುತ್ತಾರೆ. ಹಿಂದೂ ಆಸ್ತಿ ಹಂಚಿಕೆಯ ಕಾನೂನನ್ನು ದೇಶದ ಬಹುಪಾಲು ಕೋರ್ಟುಗಳು ಶತಮಾನಗಳ ನಂತರವೂ ಆ ಪುಸ್ತಕದಿಂದಲೇ ನೋಡುತ್ತಿದ್ದವು. ಆ ಊರಿಗೂ ಸ್ಟೇಷನ್ ಇದೆ.

ಐದನೆಯ ಊರಾದ ಚಿಂಚೋಳಿಗೆ ರೈಲಿಲ್ಲ. ಅಲ್ಲಿಗೆ ಬಸ್ಸೇ ಗತಿ. ಹಾಗಿದ್ದರೂ ಈ ಐದರಲ್ಲಿ ಮಕ್ಕಳನ್ನು ಮೊದಲು ಕರೆದೊಯ್ಯಬೇಕಾದ ಜಾಗ ಅದೇ ಎಂದು ನನ್ನ ಖಚಿತ ಅಭಿಪ್ರಾಯ. ಸುಣ್ಣದ ಕಲ್ಲು, ಕರಿ ಎರೆ ನೆಲ ನೋಡಿ ಬೆಳೆದ ಕಣ್ಣಿಗೆ ಕುಂಚಾವರಂ ದಾರಿಯ ಕೆಂಪು ಮಣ್ಣು, ಸಾಗುವಾನಿ, ಶ್ರೀಗಂಧ, ರಕ್ತಚಂದನದ ಗಿಡಗಳು ಬೇರೆ ದೇಶಕ್ಕೆ ಬಂದಂತೆ ಕಾಣುತ್ತವೆ. ಸುಮಾರು 135 ಚದರ ಕಿಲೋಮೀಟರಿನ ಈ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮ ಎಂದು ಅದಕ್ಕೆ ಹೆಸರು. ಚಂದ್ರಂಪಳ್ಳಿಯ ಕೆರೆ ಗುಡ್ಡಗಳ ನಡುವೆ ಇದೆ, ಮಳೆಗಾಲದಲ್ಲಿ ಧುಮುಕುವ ಎತ್ತಿಪೋತ ಜಲಪಾತ ಇದೆ. ಎತ್ತಿಪೋತ ಎಂಬ ಹೆಸರೇ ತೆಲುಗು. ಕಾಡಿನ ಅಂಚಿನ ತಾಂಡಾಗಳಲ್ಲಿ ಲಂಬಾಣಿ, ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು. ಒಂದು ದಿನದ ತಿರುಗಾಟದಲ್ಲಿ ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ.

ಅಲ್ಲಿ ಮಾಡಬಹುದಾದ ಹವ್ಯಾಸ ಹಕ್ಕಿ ನೋಡುವುದು. ದುಬಾರಿ ದುರ್ಬೀನು ಇಲ್ಲದೆಯೂ ಶುರು ಮಾಡಬಹುದು. ಬೆಳಗಿನ ಹೊತ್ತು ನೀರಿನ ಅಂಚಿಗೆ ಅರ್ಧ ತಾಸು ಮಾತಿಲ್ಲದೆ ಕುಳಿತರೆ ಬೆಳ್ಳಕ್ಕಿ, ಮಿಂಚುಳ್ಳಿ, ಕೊಕ್ಕರೆ ತಾವಾಗಿ ಬರುತ್ತವೆ. ತಿರುಗಿ ಬರುವಾಗ ತೊಗರಿ ಹೊಲದ ಮೇಲಿನ ತಂತಿಯನ್ನು ಗಮನಿಸಿ. ಮಂಕಾಗಿ ಕುಳಿತ ಒಂದು ಹಕ್ಕಿ ಹಾರಿದೊಡನೆ ರೆಕ್ಕೆಯಲ್ಲಿ ನೀಲಿ ಹರಡುತ್ತದೆ. ಅದು ನೀಲಕಂಠ, ನಮ್ಮ ರಾಜ್ಯಪಕ್ಷಿ. ಕಾಡಿಗೆ ಹೋಗುವಾಗ ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಿ. ಹಾಡಿನ ಪೆಟ್ಟಿಗೆ ಬೇಡ. ಒಯ್ದ ಪ್ಲಾಸ್ಟಿಕ್ ಚೀಲ ತಿರುಗಿ ಮನೆಗೇ ಬರಲಿ. ತುಂಬಿದ ಕೆರೆ, ಧುಮುಕುವ ನೀರು ಕಂಡಾಗ ಇಳಿಯುವ ಆಸೆ ಆಗುತ್ತದೆ. ಸೂಟಿಗೆಂದು ಹೋದ ಹುಡುಗರು ನೀರು ಪಾಲಾದ ಸುದ್ದಿಯನ್ನು ಪ್ರತಿ ಮಳೆಗಾಲ ಓದುತ್ತೇವೆ. ದಯವಿಟ್ಟು ಇಳಿಯಬೇಡಿ.

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತಿಗೆ ಬರುತ್ತೇನೆ. ಕಾಲೊನಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನವರು ಒಮ್ಮೆ ಹೇಳಿದ್ದರು: “ಅವರಿಗಿ ಸೂಟಿ ಬಂದ್ರ ನಮಗ ಡಬಲ್ ಡ್ಯೂಟಿ ನೋಡ್ರಿ ಅಣ್ಣಾ.” ಗಂಡ ಮಕ್ಕಳು ಮನೆಯಲ್ಲಿರುವ ದಿನ ಎರಡು ಪಲ್ಯ ಹೆಚ್ಚು, ವಾರದ ಬಟ್ಟೆ ಅಂದೇ, ನೆಂಟರು ಅಂದೇ. ಹೊರಗೆ ಹೋಗೋಣ ಎಂದರೆ ನಸುಕಿನಲ್ಲೆದ್ದು ಎಲ್ಲರ ಬುತ್ತಿ ಕಟ್ಟುವವರೂ ಅವರೇ, ಬಂದ ಮೇಲೆ ಪಾತ್ರೆ ತಿಕ್ಕುವವರೂ ಅವರೇ. ಅಂಥ ಸೂಟಿ ಮನೆಯ ಅರ್ಧ ಜನಕ್ಕೆ ಮಾತ್ರ ಸೂಟಿ. ನಮ್ಮ ಅಡುಗೆಮನೆಯಲ್ಲೇ ಇದಕ್ಕೆ ಉಪಾಯ ಇದೆ. ಕಟಿ ರೊಟ್ಟಿ ವಾರ ಇಟ್ಟರೂ ಕೆಡುವುದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೊಸರು, ಉಳ್ಳಾಗಡ್ಡಿ, ಒಂದಿಷ್ಟು ಸುಟ್ಟ ಮೆಣಸಿನಕಾಯಿ ಇದ್ದರೆ ಊಟ ಆಯಿತು. ಅದನ್ನು ಕಟ್ಟಲು ಗಂಡಸರಿಗೂ ಬರುತ್ತದೆ, ಹತ್ತು ವರ್ಷದ ಹುಡುಗನಿಗೂ ಬರುತ್ತದೆ. ಹಿಂದಿನ ರಾತ್ರಿಯೇ ಕಟ್ಟಿಡಿ. ಎಲ್ಲಿಗೆ ಹೋಗಬೇಕೆಂದು ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಹೋದ ಕಡೆ ಶೌಚಾಲಯ ಇದೆಯೋ ಇಲ್ಲವೋ ಮೊದಲೇ ವಿಚಾರಿಸಿ. ನಮ್ಮ ಬಹಳ ಜಾಗಗಳಲ್ಲಿ ಕುಡಿಯುವ ನೀರು, ನೆರಳು, ಶೌಚಾಲಯ ಇಲ್ಲ ಎಂಬುದೇ ಹೆಣ್ಣುಮಕ್ಕಳು ಹೊರಡಲು ಹಿಂಜರಿಯುವುದಕ್ಕೆ ದೊಡ್ಡ ಕಾರಣ. ಪಂಚಾಯಿತಿಗಳು, ಕಾರ್ಖಾನೆಗಳು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವಲ್ಲ.

ಮಾರ್ಚ್ ದಾಟಿದ ಮೇಲೆ ನಮ್ಮ ಬಿಸಿಲಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಆಗ ಗುಡಿ ಕೋಟೆ ಬೇಡ. ಬರೆದಿಟ್ಟ ನೋಟ್‌ಬುಕ್ ತೆಗೆದು ಹಳೆಯ ಪುಟ ಓದಿ, ಚಿತ್ರ ಬಿಡಿಸಿ, ಆಯಿಯ ಬಾಯಿಂದ ಬೀಸುವ ಕಲ್ಲಿನ ಪದ ಕೇಳಿ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ಆ ಪದ ಬಲ್ಲವರು ಪ್ರತಿ ಮನೆಯಲ್ಲೂ ಒಬ್ಬೊಬ್ಬರೇ ಉಳಿದಿದ್ದಾರೆ. ಮೊಬೈಲಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಕಂಡಿಲ್ಲ.

ನಿಮ್ಮ ಸೂಟಿ ರವಿವಾರ ಇರಲಿ, ಬುಧವಾರ ಇರಲಿ, ಈ ಸಲ ಒಂದೇ ಜಾಗ ಆರಿಸಿಕೊಳ್ಳಿ. ಎಲ್ಲಿಗೆಂದು ತೋಚದಿದ್ದರೆ ನಾಗಾವಿಗೆ ಬನ್ನಿ. ಚಿತ್ತಾಪುರದಿಂದ ನಡೆದೇ ಹೋಗಬಹುದು, ಟಿಕೆಟ್ ಬೇಕಾಗಿಲ್ಲ. ಬೆಳಿಗ್ಗೆ ಬೇಗ ಬನ್ನಿ, ಶಾಸನದ ಅಕ್ಷರ ಕಾಣುವುದು ಆಗಲೇ.